ಗುಲಾಬಿ ಮೇಲ್ಕಟ್ಟು

ಮೊಮ್ಮಗಳು ಸರೋಜಳ ಮದುವೆಗೆ ಇನ್ನು ಹನ್ನೊಂದು ದಿನವಿದೆ. ಮನೆಯಲ್ಲಿ ಈಗ ವರನ ಮಾತಿಲ್ಲ, ಅಡಿಗೆಯ ಮಾತಿಲ್ಲ, ಬರೀ ಬಣ್ಣದ ಮಾತು. ಇವತ್ತು ಬೆಳಿಗ್ಗೆ ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟಿರಲಿಲ್ಲ, ಅವಳು ದುರ್ಗದ ಜವಳಿ ಅಂಗಡಿಯಿಂದ ತಂದ ಬಟ್ಟೆಯ ಚೂರುಗಳನ್ನು ನನ್ನ ಮಂಚದ ಮೇಲೆ ಸಾಲಾಗಿ ಹರಡಿದಳು. ಹನ್ನೆರಡು ಚೂರು. ನನ್ನ ಕಣ್ಣಿಗೆ ಹನ್ನೆರಡೂ ಒಂದೇ. ಅವಳು ಬೆರಳಿಟ್ಟು ಹೇಳಿಕೊಟ್ಟಳು: ಇದು ಪಿಸ್ತಾ, ಇದು ಎಳೆ ಪಿಸ್ತಾ, ಇದು ಕೆನೆ, ಇದು ಕೆನೆಗಿಂತ ಒಂಚೂರು ಕಡಿಮೆ ಕೆನೆ. ಕೆನೆಗಿಂತ ಕಡಿಮೆ ಕೆನೆ ಎಂದರೆ ನಮ್ಮ ಕಾಲದಲ್ಲಿ ನೀರು ಬೆರೆಸಿದ ಹಾಲು. ಅದನ್ನು ತಂದವನಿಗೆ ಬೈದು ಕಳಿಸುತ್ತಿದ್ದೆವು, ಮದುವೆಗೆ ಬಳಸುತ್ತಿರಲಿಲ್ಲ.

ಚಪ್ಪರದ ಬಟ್ಟೆ ಪಿಸ್ತಾ ಅಂತೆ. ಕುರ್ಚಿಗೆ ಗವಸು ಹೊಲಿಸುತ್ತಾರಂತೆ, ಅದೂ ಪಿಸ್ತಾ. ಕುರ್ಚಿಗೇನು ಚಳಿಯೇ? ಹೂವೆಲ್ಲ ಕೆನೆ. ಕುಡಿಯಲು ಕೊಡುವ ಪಾನಕಕ್ಕೂ ಏನೋ ಹನಿ ಹಾಕಿ ಪಿಸ್ತಾ ಮಾಡುತ್ತಾರಂತೆ. "ಮಾವಿನ ತೋರಣ ಆದರೂ ಕಟ್ಟುತ್ತೀರೋ ಇಲ್ಲವೋ?" ಎಂದೆ. "ಅದು ಕಡುಹಸಿರು ಅಲ್ವಾ ತಾತ, ಪಿಸ್ತಾ ಪಕ್ಕ ಒಡ್ಡೊಡ್ಡಾಗಿ ಕಾಣ್ತೈತೆ" ಎಂದಳು. ಕೇಳಿದಿರಾ? ಹಸಿರು ಹೇಗಿರಬೇಕು ಎಂದು ಮಾವಿನ ಮರಕ್ಕೆ ಗೊತ್ತಿಲ್ಲವಂತೆ, ಜವಳಿ ಅಂಗಡಿಯ ಗಲ್ಲಾದ ಮೇಲೆ ಕುಳಿತವನಿಗೆ ಗೊತ್ತಂತೆ.

ಅಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆ. ಅವಳು ನನ್ನ ಗೂಟದ ಮೇಲಿನ ಕೆಂಪು ರುಮಾಲನ್ನು ನೋಡಿ, "ತಾತ, ಅವತ್ತೊಂದಿನ ಅದನ್ನ ಸುತ್ತಬ್ಯಾಡ್ರಿ. ನಿಮಗೂ ಒಂದು ಪಿಸ್ತಾ ರುಮಾಲು ತರಿಸೀನಿ" ಎಂದಳು. ನಾನು ಕಣ್ಣು ಕೆಕ್ಕರಿಸಿದೆ. ಅವಳು ಹೆದರುವ ಪೈಕಿಯಲ್ಲ. "ಇನ್ನೊಂದು ಐತೆ. ಮಾಡದಕೆರೆ ಪಾರಜ್ಜಿ ಪ್ರತಿ ಮದುವೇಲೂ ಒಂದು ಹಳೇ ಕೆಂಪು ಅಂಚು ತಂದು ಚಪ್ಪರಕ್ಕೆ ಕಟ್ತಾರಲ್ಲ, ಈ ಸಲ ಅದು ಬ್ಯಾಡ ಅಂತ ನೀವೇ ಒಂದು ಕಾಗದ ಬರೀರಿ. ನಾನು ಹೇಳಿದ್ರೆ ಬೇಜಾರು ಮಾಡ್ಕಂತಾರೆ. ಕೆಂಪು ಒಂದಕ್ಕೂ ಹೊಂದಲ್ಲ" ಎಂದು ಹೇಳಿ ಚೂರುಗಳನ್ನು ಎತ್ತಿಕೊಂಡು ಹೋದಳು.

ಮಾಡದಕೆರೆಯ ಪಾರಜ್ಜಿ ಎಂದರೆ ನನ್ನ ತಂಗಿ ಪಾರ್ವತಿ. ನಾನು ಬೈದುಕೊಳ್ಳುತ್ತ ಅಡಿಗೆಮನೆಗೆ ಹೋದೆ. ಸಿಟ್ಟು ಬಂದಾಗ ಒಂದು ಚೂರು ಉಪ್ಪಿನಕಾಯಿ ನೆಕ್ಕುವುದು ನನ್ನ ಹಳೆಯ ಚಾಳಿ, ಅದನ್ನು ವೈದ್ಯರಿಗೆ ಹೇಳಬೇಡಿ. ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಲು ಹೋದವನು ಹಾಗೆಯೇ ನಿಂತೆ. ತೊಳೆದು ತೊಳೆದು ಅದಕ್ಕೆ ಈಗ ಬಣ್ಣವೆಂಬುದೇ ಇಲ್ಲ, ಆದರೆ ಗಂಟು ಬಿಚ್ಚಿದ ಕಡೆ ಮಡಿಕೆಯೊಳಗೆ ಒಂದು ಬೆರಳಗಲ ಗುಲಾಬಿ ಉಳಿದುಕೊಂಡಿತ್ತು. ಐವತ್ತು ವರ್ಷವಾದರೂ ಈ ಬಟ್ಟೆ ನಮ್ಮ ಮನೆಯಲ್ಲಿ ಮುಗಿದಿಲ್ಲ. ಜಾಡಿಗೆ ಅದೇ, ಮೊಸರು ಸೋಸಲು ಅದೇ, ಕೌದಿಯ ಒಳಪದರಕ್ಕೆ ಅದೇ. ಅಷ್ಟೊಂದು ಬಟ್ಟೆ ತಂದ ಮಹಾನುಭಾವ ಯಾರು ಎಂದು ಮನೆಯ ಸೊಸೆಯರು ಆಗಾಗ ಕೇಳುತ್ತಾರೆ. ನಾನು ಪೇಪರು ಓದುತ್ತಿರುವವನಂತೆ ನಟಿಸುತ್ತೇನೆ.

ನನಗಾಗ ಇಪ್ಪತ್ತೆರಡು ವರ್ಷ. ಊರು ಹಿರೇಗುಂಟನೂರು, ನೌಕರಿ ದುರ್ಗದ ಒಂದು ಕಚೇರಿಯಲ್ಲಿ ಗುಮಾಸ್ತನದು. ಹತ್ತನೆಯ ವಯಸ್ಸಿಗೇ ಓದಲೆಂದು ದುರ್ಗ ಸೇರಿದವನು ನಾನು. ಊರಿಗೆ ಹಬ್ಬಕ್ಕೆ ಬರುತ್ತಿದ್ದೆ, ಉಂಡು ಹೋಗುತ್ತಿದ್ದೆ. ನಮ್ಮೂರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ, ಆದರೆ ಗೊತ್ತಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ. ಮೈಮೇಲೆ ಕರಿ ಕೋಟು, ಜೇಬಿನಲ್ಲಿ ಸೀಸದಕಡ್ಡಿ. ನಡೆಯುವಾಗ ಸೀಸದಕಡ್ಡಿ ಕಾಣುವಂತೆ ಇಟ್ಟುಕೊಳ್ಳುತ್ತಿದ್ದೆ. ಆ ಹುಡುಗ ಈಗ ಎದುರಿಗೆ ಸಿಕ್ಕರೆ ಕಿವಿ ಹಿಂಡಿ ಕಳಿಸುತ್ತೇನೆ.

ಆ ವರ್ಷ ಮೇಲಧಿಕಾರಿಗಳ ಹಿಂದೆ ದಫ್ತರ ಹೊತ್ತುಕೊಂಡು ಬೆಂಗಳೂರಿಗೆ ಹೋಗುವ ಯೋಗ ಬಂತು. ಸಂಜೆ ಬಿಡುವಾಯಿತೆಂದು ಬಿಳಿಯರ ಬಂಗಲೆಗಳಿರುವ ದಂಡಿನ ಕಡೆ ತಿರುಗಾಡಲು ಹೋದೆ. ಅಲ್ಲಿ ಯಾವುದೋ ದೊರೆಗಳ ಬಂಗಲೆಯಲ್ಲಿ ಮದುವೆ. ನನ್ನನ್ನು ಯಾರೂ ಕರೆದಿರಲಿಲ್ಲ, ನಾನು ನೋಡಿದ್ದು ಬೇಲಿಯ ಸಂದಿಯಿಂದ. ಡೇರೆ ಗುಲಾಬಿ, ಮೇಜಿನ ಬಟ್ಟೆ ಗುಲಾಬಿ, ಹೂವು ಗುಲಾಬಿ, ಹೆಂಗಸರ ಟೋಪಿಯ ರಿಬ್ಬನ್ನೂ ಗುಲಾಬಿ. ಒಂದಕ್ಕೊಂದು ಹೊಂದಿಕೊಂಡು ಇಡೀ ಅಂಗಳ ಒಂದೇ ಬಣ್ಣ. ಕಾವಲಿನವನು ಬಂದು ಗದರಿಸಿ ಓಡಿಸುವ ತನಕ ನಿಂತಿದ್ದೆ. ಬೇಲಿಯಿಂದ ಓಡಿಸಿಕೊಂಡವನಿಗೆ ನಾಚಿಕೆಯಾಗಬೇಕಿತ್ತು. ನನಗೆ ಜ್ಞಾನೋದಯವಾಯಿತು.

ವಾಪಸು ಬಂದು ಹೊಳಲ್ಕೆರೆಯಲ್ಲಿ ರೈಲು ಇಳಿದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕುಲುಕಾಡುತ್ತ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ. ತಂಗಿ ಪಾರಿಗೆ ಮಾಡದಕೆರೆಯ ಗಂಡು ಗೊತ್ತಾಗಿತ್ತು. ಮದುವೆ ನಮ್ಮ ಮನೆಯ ಮುಂದೆಯೇ. ನಮ್ಮವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಪ್ಪನಿಗೆ ಹೊಲ ಮತ್ತು ಎತ್ತು ಬಿಟ್ಟರೆ ಬೇರೆ ವಿಷಯದಲ್ಲಿ ಬಾಯಿ ಬರುತ್ತಿರಲಿಲ್ಲ. "ನೀನು ನಾಕು ಅಕ್ಷರ ಕಲ್ತೋನು, ಹೆಂಗೆ ಬೇಕೋ ಹಂಗೆ ಮಾಡಪ್ಪ" ಎಂದುಬಿಟ್ಟರು. ನಾನು ಗುಲಾಬಿ ಮಾಡಲು ಹೊರಟೆ.

ಇಲ್ಲಿ ಸ್ವಲ್ಪ ನಿಂತು ಮೇಲ್ಕಟ್ಟಿನ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಪೆದ್ದುತನದ ಪೂರ್ತಿ ಅಳತೆ ನಿಮಗೆ ಸಿಗುವುದಿಲ್ಲ. ನಮ್ಮ ಕಡೆ ಮದುವೆಯ ಚಪ್ಪರಕ್ಕೆ ಒಳಗಡೆಯಿಂದ ತಲೆಯ ಮೇಲೆ ಬಟ್ಟೆ ಕಟ್ಟುತ್ತಾರೆ. ಅದೇ ಮೇಲ್ಕಟ್ಟು. ಅದನ್ನು ಕಟ್ಟುವ ಹಕ್ಕು ಊರ ಮಡಿವಾಳರದು. ನಮ್ಮೂರಿನಲ್ಲಿ ಮಡಿವಾಳರ ತಿಪ್ಪಕ್ಕ ಮದುವೆಗೆ ಎರಡು ದಿನ ಮೊದಲು ಮನೆಮನೆಗೆ ಹೋಗಿ ಒಂದೊಂದು ಸೀರೆ ಇಸಿದುಕೊಂಡು, ತೊಳೆದು, ಅವನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಕಟ್ಟುತ್ತಿದ್ದಳು. ಗೌಡರ ಮನೆಯ ರೇಷ್ಮೆಯ ಪಕ್ಕ ಕುಂಬಾರರ ಮನೆಯ ತೇಪೆ ಸೀರೆ. ಕೆಂಪು, ಪಾಚಿ, ನೇರಳೆ, ಮಾಸಿದ ಹಳದಿ, ಎಲ್ಲ ಒಟ್ಟಿಗೆ. ಊಟಕ್ಕೆ ಕೂತ ಹೆಂಗಸರು ಎಲೆ ನೋಡುವುದಕ್ಕಿಂತ ಮೊದಲು ಮೇಲೆ ನೋಡಿ, "ನಂದು ಆ ಮೂಲ್ಯಾಗೆ ಐತೆ ನೋಡೇ" ಎನ್ನುತ್ತಿದ್ದರು. ಇದು ನನಗೆ ಸಂತೆಯ ದಿನದ ಗೊಂದಲದಂತೆ ಕಾಣುತ್ತಿತ್ತು. ದೊರೆಗಳ ಮನೆಯ ಡೇರೆ ನೋಡಿ ಬಂದ ಕಣ್ಣಲ್ಲವೇ!

ತಿಪ್ಪಕ್ಕನನ್ನು ಕರೆಸಿ, "ಈ ಸಲ ನೀನು ಸೀರೆ ಕೇಳಾಕೆ ಯಾರ ಮನೆಗೂ ಹೋಗಬೇಡ. ನಾನು ದಾವಣಗೆರೆಯಿಂದ ಬಟ್ಟೆ ತರಿಸೀನಿ. ನಿನ್ನ ಪಾಲಿನ ರಾಗಿ, ಬೆಲ್ಲ, ಎಲೆ ಅಡಿಕೆ ನಿನಗೆ ಬರುತ್ತೆ" ಎಂದೆ. ಆಗ ಅವಳಿಗೆ ಅರವತ್ತರ ಹತ್ತಿರ. ನಾನು ತೊಟ್ಟಿಲಲ್ಲಿದ್ದಾಗಿನ ಬಟ್ಟೆ ಒಗೆದವಳು. ಅವಳು ನನ್ನ ಕೋಟನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಕೆಲಸ ಬ್ಯಾಡ ಅಂದ್ಮೇಲೆ ರಾಗಿ ಯಾಕಪ್ಪ ಗುಮಾಸ್ತಪ್ಪ?" ಎಂದು ಹೇಳಿ, ಮೊರದಲ್ಲಿ ಇಟ್ಟಿದ್ದ ಎಲೆ ಅಡಿಕೆಯನ್ನು ಮುಟ್ಟದೆ ಹೋದಳು.

ಮಧ್ಯಾಹ್ನ ಪಾರಿ ನನ್ನ ಹತ್ತಿರ ಬಂದಳು. ಹದಿನಾರು ವರ್ಷದ ಹುಡುಗಿ, ಹೆಚ್ಚು ಮಾತಿನವಳಲ್ಲ. ಕಂಬ ಹಿಡಿದು ನಿಂತು, "ಅಣ್ಣ, ತಿಪ್ಪಕ್ಕನ್ನ ಮನೆಮನೆಗೆ ಕಳಿಸಲ್ವಾ? ಅದು ಬರೀ ಬಟ್ಟೆ ಅಲ್ಲ ಅಣ್ಣ" ಎಂದಳು.

"ನಿನಗೇನು ಗೊತ್ತಾಗುತ್ತೆ, ಸುಮ್ಮನಿರು" ಎಂದೆ. ಬೆಂಗಳೂರು ನೋಡಿದವನು ನಾನು.

ಅವಳು ಹೋಗಲಿಲ್ಲ. "ಹೋಗ್ಲಿ, ಅವ್ವನ ಸೀರೆ ಒಂದಾದ್ರೂ ನನ್ನ ನೆತ್ತಿ ಮೇಲೆ ಇರ್ಲಿ. ತಿಪ್ಪಕ್ಕನ ತಾವ ಐತೆ. ಅವ್ವ ಸಾಯೋ ಮುಂಚೆ ಹೇಳಿ ಇಟ್ಟಾಳೆ. ನಂಗೆ ಬ್ಯಾರೆ ಏನೂ ಬ್ಯಾಡ ಅಣ್ಣ, ಒಡವೆ ಬ್ಯಾಡ, ಅದೊಂದು ಕಟ್ಟಿಸು" ಎಂದಳು.

ಸತ್ತವರ ಬಟ್ಟೆ ಮಡಿವಾಳರಿಗೆ ಹೋಗುವುದು ಪದ್ಧತಿ. ಅವ್ವನ ಹಸಿರು ನೂಲಿನ ಸೀರೆ ಹಾಗೆ ತಿಪ್ಪಕ್ಕನ ಮನೆ ಸೇರಿತ್ತು. ಅವಳು ಅದನ್ನು ನಾಲ್ಕು ವರ್ಷ ಉಡದೆ, ಮಾರದೆ, ಪಾರಿಯ ಮದುವೆಯ ಮೇಲ್ಕಟ್ಟಿನ ನಟ್ಟನಡುವೆ ಕಟ್ಟಬೇಕೆಂದು ಮಡಿಸಿ ಇಟ್ಟಿದ್ದಳು. ಇಬ್ಬರು ಹೆಂಗಸರು ಆಡಿಕೊಂಡ ಮಾತು ಅದು. ಗಂಡಸರಿಗೆ ಗೊತ್ತಿರಲಿಲ್ಲ.

ಆಗ ನಾನು ಏನು ಹೇಳಿದೆ ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಹೆತ್ತ ತಾಯಿಯ ಸೀರೆಗೆ ನಾನು, "ಹಸಿರು, ಕೆಂಪಂಚು ಬೇರೆ. ಅದು ಹೊಂದಲ್ಲ" ಎಂದೆ. ಪಾರಿಯ ಕಣ್ಣು ತುಂಬಿದ್ದು ನೋಡಿ, ನನ್ನ ಔದಾರ್ಯ ಉಕ್ಕಿ, ದಾವಣಗೆರೆಯಿಂದ ತಂದಿದ್ದ ವಿಲಾಯತಿ ಬಣ್ಣದ ಪುಡಿಯ ಪೊಟ್ಟಣ ಒಂದನ್ನು ತೆಗೆದು ಅವಳ ಕೈಗೆ ಹಾಕಿ, "ಅಷ್ಟು ಆಸೆ ಇದ್ದರೆ ತಿಪ್ಪಕ್ಕನಿಗೆ ಹೇಳಿ ಗುಲಾಬಿ ಬಣ್ಣ ಹಾಕಿಸು. ಗುಲಾಬಿ ಆದರೆ ಕಟ್ಟಿಸ್ತೀನಿ" ಎಂದೆ. ಅವಳು ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಸಮಸ್ಯೆ ಬಗೆಹರಿಸಿದೆ ಎಂಬ ಸಮಾಧಾನದಲ್ಲಿ ನಾನು ಮೀಸೆ ತೀಡಿಕೊಂಡೆ.

ಮುಂದಿನ ಮೂರು ದಿನ ನಾನು ಮಾಡಿದ ಘನಕಾರ್ಯಗಳನ್ನು ಕೇಳಿ. ದಾವಣಗೆರೆಯಿಂದ ಒಂದು ಗಾಡಿ ಗುಲಾಬಿ ಮಲ್ಲಿನ ಬಟ್ಟೆ ಬಂತು. ಚಪ್ಪರ ಹಾಕಲು, ಅಡಿಗೆ ಮಾಡಲು ದುರ್ಗದಿಂದ ಜನ ಬಂದರು, ಊರಿನವರ ಕೈಯಲ್ಲಿ ಅಚ್ಚುಕಟ್ಟು ಇರುವುದಿಲ್ಲವೆಂದು. ಚಪ್ಪರದ ಹೊಂಗೆಯ ಸೊಪ್ಪು ಹಸಿರಲ್ಲವೇ, ಅದು ಕಾಣದ ಹಾಗೆ ಸುತ್ತಲೂ ಗುಲಾಬಿ ಕಾಗದ ಅಂಟಿಸಿದೆವು. ಬಾಗಿಲಿನ ಬಾಳೆಗಿಡಗಳಿಗೂ ಬುಡದಿಂದ ಕಾಗದ ಸುತ್ತಿಸಿದೆ. ಅವು ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡವರಂತೆ ನಿಂತಿದ್ದವು. ಅಕ್ಷತೆಗೆ ಅರಿಶಿಣ ಬೇಡ, ಗುಲಾಬಿ ಬಣ್ಣ ಹಾಕಿ ಎಂದು ಹೇಳಿದ್ದಕ್ಕೆ ಮದುವೆ ಮಾಡಿಸುವ ಅಯ್ಯನವರು ನನ್ನನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯಲು ಹೋದಾಗ ನಮ್ಮ ಬಿಳಿ ಎತ್ತು ಕೋಟಿನ ಮೇಲೆ ಸಗಣಿ ಹಾಕಿತು. ಆ ಮೂರು ದಿನದಲ್ಲಿ ನನಗೆ ಸರಿಯಾದ ಉತ್ತರ ಕೊಟ್ಟದ್ದು ಅದೊಂದೇ.

ಅಪ್ಪ ಇದನ್ನೆಲ್ಲ ನೋಡಿಯೂ ನೋಡದವರಂತೆ ಓಡಾಡುತ್ತಿದ್ದರು. ಮೇಲ್ಕಟ್ಟು ಹೆಂಗಸರ ಕೆಲಸ, ತಿಪ್ಪಕ್ಕ ತನ್ನ ಪಾಡಿಗೆ ಮಾಡುತ್ತಾಳೆ ಎಂದು ಅವರ ನಂಬಿಕೆ. ಗುಲಾಬಿ ಬಟ್ಟೆಯನ್ನು ನಾನು ಮದುವೆಯ ದಿನ ಬೆಳಗಿನ ಜಾವವೇ ದುರ್ಗದವರಿಂದ ಕಟ್ಟಿಸಿದೆ. ಬಿಸಿಲು ಏರಿದಾಗ ಬೆಳಕು ಅದರೊಳಗಿಂದ ಸೋಸಿ ಬಂದು ನೆಲ, ಹಸೆಮಣೆ, ಮನುಷ್ಯರ ಮುಖ ಎಲ್ಲ ಗುಲಾಬಿಯಾಯಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ. ದೊರೆಗಳು ಬಂದು ಬೇಲಿಯ ಸಂದಿಯಿಂದ ನೋಡಬೇಕು, ಹಾಗಿತ್ತು.

ದೊರೆಗಳೂ ಬರಲಿಲ್ಲ, ಊರಿನವರೂ ಬರಲಿಲ್ಲ.

ಮೊದಲು ನನಗೆ ಗೊತ್ತಾಗಲಿಲ್ಲ. ವೀಳ್ಯ ಕೊಟ್ಟು ಕರೆದಿದ್ದ ಹೊರಗೂರ ನೆಂಟರು ಹತ್ತು ಹನ್ನೆರಡು ಜನ ಜಗಲಿಯ ಮೇಲೆ ಕೂತಿದ್ದರು. ಓಲಗದವರು ಊದುತ್ತಿದ್ದರು. ಹಾಸಿದ ಜಮಖಾನೆ ಖಾಲಿ. ನಮ್ಮ ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಎದುರುಮನೆಯ ರುದ್ರಮ್ಮಜ್ಜಿ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ರಾಗಿ ಬೀಸುತ್ತಿದ್ದಳು. ಮದುವೆಯ ದಿನ, ಎದುರುಮನೆಯವಳು, ರಾಗಿ ಬೀಸುವುದೆಂದರೇನು? ಮುಹೂರ್ತಕ್ಕೆ ಹೊತ್ತಾಗುತ್ತಿದೆ ಎಂದು ಅಯ್ಯನವರು ಒಳಗಿನಿಂದ ಎರಡು ಸಲ ಹೇಳಿಕಳಿಸಿದರು.

ಅಷ್ಟರಲ್ಲಿ ಮಾಡದಕೆರೆಯ ಬೀಗರ ಗಾಡಿಗಳು ಊರ ಮುಂದಕ್ಕೆ ಬಂದವು. ಬಂದವು, ನಿಂತವು. ಒಬ್ಬರೂ ಇಳಿಯಲಿಲ್ಲ, ಎತ್ತಿನ ಕೊರಳು ಬಿಚ್ಚಲಿಲ್ಲ. ನಾನು ಓಡಿದೆ. ಗಂಡಿನ ದೊಡ್ಡಪ್ಪ ಗಾಡಿಯಲ್ಲಿ ಕೂತೇ ಕೇಳಿದರು: "ಏನ್ರಿ, ಊರಾಗೆ ಒಂದು ನರಪಿಳ್ಳೆ ಕಾಣಾಕಿಲ್ಲ? ನಮ್ಮನ್ನ ಇದಿರುಗೊಳ್ಳಾಕೂ ಯಾರೂ ಬಂದಿಲ್ಲ. ಪ್ಲೇಗು ಬಂದು ಊರು ಬಿಟ್ಟಾರಾ? ಇದ್ದರೆ ಇದ್ದಂಗೆ ಹೇಳ್ರಿ, ಮಕ್ಕಳು ಮರಿ ಕಟ್ಕಂಡು ಬಂದೀವಿ."

ನಗಬೇಡಿ. ಆ ವರ್ಷಗಳಲ್ಲಿ ಇಲಿ ಬಿತ್ತೆಂದರೆ ಇಡೀ ಊರು ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಖಾಲಿ ಬೀದಿ ನೋಡಿದವರಿಗೆ ಬೇರೆ ಯೋಚನೆ ಬರುವ ಕಾಲವಲ್ಲ ಅದು. ಹಿಂದಿನ ಎರಡು ಗಾಡಿ ಆಗಲೇ ತಿರುಗುತ್ತಿದ್ದವು. ಗಾಡಿ ಹೋದರೆ ನನ್ನ ತಂಗಿಯ ಮದುವೆ ಹೋಯಿತು. ಪ್ಲೇಗಿನ ಊರಿನ ಹುಡುಗಿ ಎಂದ ಮೇಲೆ ಇನ್ನೊಂದು ಗಂಡು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ನಾನು ಕೈಮುಗಿದು, "ಅರ್ಧ ಗಳಿಗೆ ನಿಲ್ಲಿರಿ, ಊರು ಚೆನ್ನಾಗಿದೆ" ಎಂದು ಬೇಡಿಕೊಂಡು ಮನೆಗೆ ಓಡಿಬಂದೆ.

ಅಪ್ಪ ಚಪ್ಪರದ ನಡುವೆ ತಲೆಯೆತ್ತಿ ನಿಂತಿದ್ದರು. ಆ ಬಟ್ಟೆಯನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು.

"ಲೇ, ತಿಪ್ಪಕ್ಕ ಸೀರೆ ಕೇಳಾಕೆ ಮನೆಮನೆಗೆ ಹೋಗಿದ್ಲಾ?"

"ಇಲ್ಲ. ನಾನೇ ಬೇಡ ಅಂದೆ."

"ಅಂಗಾರೆ ಊರನ್ನ ಕರೆದೋರು ಯಾರು?"

ಅಪ್ಪ ಮೆಲ್ಲಗೆ ಹೇಳಿದರು: "ಹೊರಗಿನೋರಿಗೆ ವೀಳ್ಯ. ಊರಾಗಿನೋರಿಗೆ ತಿಪ್ಪಕ್ಕನೇ ವೀಳ್ಯ. ಆಕಿ ಬಂದು ಸೀರೆ ಕೇಳಿದ್ರೆ ಕರೆದಂಗೆ. ಕೇಳ್ಲಿಲ್ಲ ಅಂದ್ರೆ ಬರಬ್ಯಾಡ ಅಂದಂಗೆ. ನೀನು ಇಡೀ ಊರಿಗೆ ಬರಬ್ಯಾಡ ಅಂದೀಯ." ಅಷ್ಟು ಹೇಳಿ ಅವರು ಹಸೆಮಣೆಯ ಪಕ್ಕ ಕೂತುಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಿಪ್ಪಕ್ಕನ ಗುಡಿಸಲು ಹಳ್ಳದ ದಂಡೆಯಲ್ಲಿ. ಓಡುತ್ತ ಹೋದಾಗ ಅವಳು ಉಬ್ಬೆಯ ಹಂಡೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿ ಆ ಹಂಡೆಯ ಹಬೆಯಲ್ಲಿ ಬೇಯಿಸುವುದೇ ಉಬ್ಬೆ, ಅದರಿಂದ ಕೊಳೆ ಕರಗುತ್ತದೆ. ಅವಳ ಎರಡು ಕೈಯೂ ಮೊಣಕೈಯವರೆಗೆ ಗುಲಾಬಿಯಾಗಿದ್ದವು. ಮಡಿಲಲ್ಲಿ ಉದ್ದನೆಯ ಕೆಂಪು ಪಟ್ಟಿಯೊಂದು ಇತ್ತು.

"ಪಾರವ್ವ ಪೊಟ್ಟಣ ತಂದುಕೊಟ್ಟು ಅತ್ಲು," ಎಂದಳು, ನನ್ನ ಮುಖ ನೋಡದೆ. "ಹಸಿರಿನ ಮ್ಯಾಗೆ ಗುಲಾಬಿ ಹತ್ತಾಕಿಲ್ಲಪ್ಪ, ಮೊದ್ಲು ಹಸಿರು ತೆಗೀಬೇಕು. ಒಂದು ಉಬ್ಬೆ ಹಾಕ್ದೆ, ಬಿಡ್ಲಿಲ್ಲ. ಎರಡು ಹಾಕ್ದೆ, ಒಣಗಿದ ಎಲೆ ಬಣ್ಣಕ್ಕೆ ಬಂತು. ಮೂರನೇದು ಹಾಕಿ ಪೊಟ್ಟಣ ಸುರಿದು ತೆಗೀತೀನಿ, ಸೀರೆ ಕೈಯಾಗೆ ಗಂಜಿ ಆಗೋಯ್ತು. ಹಳೇ ನೂಲು, ತಡೀಲಿಲ್ಲ. ಅಂಚೊಂದು ಉಳೀತು." ಅವಳು ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ನಲ್ವತ್ತು ವರ್ಷದಾಗೆ ಒಂದು ಬಟ್ಟೆ ಹಾಳು ಮಾಡಿದೋಳಲ್ಲ ನಾನು. ನಿಮ್ಮವ್ವ ನನ್ನ ನಂಬಿ ಕೊಟ್ಟಿದ್ಲು. ಆ ಹುಡುಗಿಗೆ ಏನಂತ ಮಕ ತೋರ್ಸಲಿ?"

ಅಂಚನ್ನು ಮುಟ್ಟಿದೆ. ಹತ್ತು ವರ್ಷದವನಾಗಿ ದುರ್ಗಕ್ಕೆ ಹೊರಟ ದಿನ ಗಾಡಿ ಹತ್ತಲೊಲ್ಲದೆ ನಾನು ಹಿಡಿದುಕೊಂಡಿದ್ದು ಇದೇ ಅಂಚನ್ನು. ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದಳು. ಅದು ನನಗೆ ಅಲ್ಲಿಯವರೆಗೆ ನೆನಪೇ ಇರಲಿಲ್ಲ. ಕರಿ ಕೋಟು ಹಾಕಿಕೊಂಡ ನಾನು, ಮಡಿವಾಳರ ಹಂಡೆಯ ಪಕ್ಕ, ಬಿಕ್ಕಿಬಿಕ್ಕಿ ಅತ್ತೆ.

ತಿಪ್ಪಕ್ಕ ಅಂಚನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಅತ್ತಿದ್ದು ಸಾಕು, ಏಳು. ಗಾಡಿ ತಿರುಗೋ ಮುಂಚೆ ಊರು ಕರೀಬೇಕು. ನಡಿ ಹೋಗಾಣ" ಎಂದಳು.

"ನೀನು ಕೇಳು ತಿಪ್ಪಕ್ಕ, ನಿನ್ನ ಮಾತಿಗೆ ಕೊಡ್ತಾರೆ."

"ಬ್ಯಾಡ ಅಂದೋನು ನೀನು. ಬೇಕು ಅನ್ನೋನೂ ನೀನೇ. ನಾನು ಜತಿಗೆ ನಿಂತಿರ್ತೀನಿ."

ಮೊದಲು ರುದ್ರಮ್ಮಜ್ಜಿಯ ಮನೆ. ನಾನು ಬಾಗಿಲಲ್ಲಿ ನಿಂತು ಗೊಣಗಿದೆ. ಅಜ್ಜಿ ಬೀಸುವ ಕಲ್ಲು ನಿಲ್ಲಿಸದೆ, "ಕೇಳ್ಸಾಕಿಲ್ಲ, ಗಟ್ಟಿಯಾಗಿ ಹೇಳಪ್ಪ. ಇಂಗ್ಲೀಷು ಓದಿದೋನು, ಗಂಟಲು ಇಲ್ವಾ?" ಎಂದಳು. "ಮೇಲ್ಕಟ್ಟಿಗೆ ಒಂದು ಸೀರೆ ಕೊಡ್ರಿ ಅಜ್ಜಿ" ಎಂದು ಕೂಗಿದೆ. "ನಂದು ಕರೀದು. ನಡೀತೈತಾ, ಇಲ್ಲ ಬಣ್ಣ ಹಾಕಿ ಕೊಡ್ಲಾ?" ಎಂದು ಕೇಳಿ, ಮೊದಲೇ ಮಡಿಸಿ ಇಟ್ಟಿದ್ದ ಸೀರೆಯನ್ನು ತೆಗೆದು ನನ್ನ ತಲೆಯ ಮೇಲೆ ಎಸೆದಳು. ಮುಂದಿನ ಮನೆಯವಳು, "ನಂದ್ರಾಗೆ ಎರಡು ತೇಪೆ ಅವೆ, ನಿಮ್ಮ ಬೆಂಗಳೂರಾಗೆ ಒಪ್ತಾರಾ?" ಎಂದಳು. ಕುಂಬಾರರ ಮನೆಯಲ್ಲಿ ಗಂಡ, "ಕೊಡಬ್ಯಾಡ ಕಣೇ, ಆ ಬಣ್ಣದಾಗೆ ನಿನ್ನ ಸೀರೆ ಕಂಡ್ರೆ ಬಾಳೆಗಿಡ ಬೇಜಾರು ಮಾಡ್ಕಂತೈತೆ" ಎಂದ. ಎಲ್ಲರ ಮನೆಯಲ್ಲೂ ಸೀರೆ ಒಗೆದು ಮಡಿಸಿ ತಯಾರಾಗಿತ್ತು. ಕೇಳುವವರು ಬರಲಿ ಎಂದು ಎರಡು ದಿನದಿಂದ ಕಾದಿದ್ದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಸೀರೆಗಳ ಗಂಟನ್ನು ನಾನೇ ತಲೆಯ ಮೇಲೆ ಹೊತ್ತೆ. ದುರ್ಗದ ಕಚೇರಿಯ ಗುಮಾಸ್ತ, ಮಡಿವಾಳರ ಗಂಟು, ಮುಂದೆ ತಿಪ್ಪಕ್ಕ ಕೈಬೀಸಿಕೊಂಡು, ಹಿಂದೆ ಇಡೀ ಊರು ನಗುತ್ತ. ಆ ಮೆರವಣಿಗೆಯನ್ನು ಊರ ಮುಂದಿನಿಂದ ಮಾಡದಕೆರೆಯ ದೊಡ್ಡಪ್ಪ ನೋಡಿದರು. ಗಂಟು ನೋಡಿದ್ದೇ, "ಓಹೋ, ಈಗ ಕರೀತಾ ಅವ್ರಾ! ಬಿಚ್ರಲೇ ಎತ್ತು" ಎಂದರಂತೆ. ಅವರೂರಲ್ಲೂ ಅದೇ ಪದ್ಧತಿ. ಗೊತ್ತಿಲ್ಲದವನು ನಾನೊಬ್ಬನೇ.

ತಿಪ್ಪಕ್ಕ ಗುಲಾಬಿ ಬಟ್ಟೆಯನ್ನು ಕಿತ್ತು ಹಾಕಲಿಲ್ಲ, ಅದರ ಕೆಳಗೇ ಊರ ಸೀರೆಗಳನ್ನು ಎಳೆದು ಕಟ್ಟಿದಳು. ಹತ್ತು ಜನ ಹೆಂಗಸರು ಕೈಹಾಕಿದರು. ನೋಡನೋಡುತ್ತ ನನ್ನ ಗುಲಾಬಿ ಮುಚ್ಚಿಹೋಯಿತು. ಕೊನೆಗೆ ಹಸೆಮಣೆಯ ನೇರಕ್ಕೆ ಆ ಕೆಂಪು ಅಂಚನ್ನು ತಾನೇ ಕಟ್ಟಿ, ಕೆಳಗಿಳಿದು, ಗುಲಾಬಿಯಾದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಂದು ಕಂಬದ ಹಿಂದೆ ನಿಂತಳು.

ಪಾರಿಯನ್ನು ಕರೆತಂದು ಹಸೆಯ ಮೇಲೆ ಕೂರಿಸಿದರು. ಅವಳು ಕೂತ ತಕ್ಷಣ ತಲೆಯೆತ್ತಿ ಹಸಿರನ್ನು ಹುಡುಕಿದಳು. ಸಿಗಲಿಲ್ಲ. ಅಂಚು ಸಿಕ್ಕಿತು. ಅದನ್ನು ನೋ‌ಡಿದಳು, ಕಂಬದ ಹಿಂದಿನ ತಿಪ್ಪಕ್ಕನನ್ನು ನೋಡಿದಳು, ಅವಳಿಗೆ ಎಲ್ಲ ತಿಳಿಯಿತು. ಎದ್ದುಹೋಗಿ ತಿಪ್ಪಕ್ಕನ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು ತನ್ನ ಕಣ್ಣಿಗೆ ಒತ್ತಿಕೊಂಡಳು. ಮದುಮಗಳು ಹಸೆಯಿಂದ ಎದ್ದಳೆಂದು ಯಾರೋ ಗದರಿಸಿದರು. ವಾಪಸು ಬಂದು ಕೂರುವಾಗ ನಾನು ಪಕ್ಕದಲ್ಲೇ ಇದ್ದೆ. ಅವಳು ಬೈಯಲಿಲ್ಲ. ನನಗೆ ಮಾತ್ರ ಕೇಳುವಂತೆ ಕೇಳಿದಳು:

"ಈಗ ಹೊಂದ್ತಾ, ಅಣ್ಣ?"

ಪಾರಿ ಆ ಅಂಚನ್ನು ಮಾಡದಕೆರೆಗೆ ತೆಗೆದುಕೊಂಡು ಹೋದಳು. ಆಮೇಲೆ ನಮ್ಮ ಮನೆಯಲ್ಲಿ ಏಳು ಮದುವೆಗಳಾದವು. ಏಳಕ್ಕೂ ಅವಳು ಅದನ್ನು ಚೀಲದಲ್ಲಿಟ್ಟು ತಂದು, ತಾನೇ ಮೇಲೆ ಕಟ್ಟಿಸಿ, ಮದುವೆ ಮುಗಿದ ಮೇಲೆ ಬಿಚ್ಚಿಕೊಂಡು ಹೋಗಿದ್ದಾಳೆ. ಯಾಕೆ ಎಂದು ಯಾರಿಗೂ ಹೇಳಿಲ್ಲ. ನನ್ನ ಮಾನ ಕಾಯ್ದಿದ್ದಾಳೆ. ನಾನೂ ಹೇಳಿಲ್ಲ. ಅವಳ ಆ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿಲ್ಲ. ಹಾಗಾಗಿ ಇವತ್ತು ಈ ಹುಡುಗಿ ಅದನ್ನು "ಹಳೇ ಕೆಂಪು ಅಂಚು" ಎನ್ನುವುದರಲ್ಲಿ ಅವಳ ತಪ್ಪೇನೂ ಇಲ್ಲ. ಬೆಳಿಗ್ಗೆಯಿಂದ ಅವಳನ್ನು ಇಷ್ಟು ಹಂಗಿಸಿದೆನಲ್ಲ, ಪಿಸ್ತಾ ಬಣ್ಣದ ಮೂಲಪುರುಷ ಮನೆಯಲ್ಲೇ ಮಂಚದ ಮೇಲೆ ಕೂತಿದ್ದಾನೆ.

ಮಧ್ಯಾಹ್ನ ಕಾಗದ ತೆಗೆದು, "ಪಾರಿಗೆ ಆಶೀರ್ವಾದಗಳು" ಎಂದು ಬರೆದು ಹಾಗೆಯೇ ಕೂತಿದ್ದೆ. ಸರೋಜ ಬಂದು ಇಣುಕಿದಳು. "ಬರೆದ್ರಾ ತಾತ?"

"ಕೂತ್ಕೋ" ಎಂದೆ. ಮೇಲೆ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ, ಪೊಟ್ಟಣದ ಮಾತನ್ನೂ ಬಿಡದೆ. ಉಪ್ಪಿನಕಾಯಿ ಜಾಡಿಯ ಬಟ್ಟೆ ತಂದು ಮಡಿಕೆಯೊಳಗಿನ ಗುಲಾಬಿ ತೋರಿಸಿದೆ. ಅವಳು ಅದನ್ನು ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದಳು. ನಾನು, "ನಿನ್ನ ಪಿಸ್ತಾ ರುಮಾಲು ಸುತ್ಕೊಳ್ತೀನಿ. ಊರವರೆಲ್ಲ ನೋಡಿ ನಗಲಿ, ನನಗೆ ರೂಢಿ ಇದೆ. ಪಾರಿಯ ಅಂಚನ್ನು ಮಾತ್ರ ಬೇಡ ಅನ್ನಬೇಡ" ಎಂದೆ.

"ನನ್ನ ನೆತ್ತಿ ಮೇಲೆ ಕಟ್ಟಬೇಕಾ ತಾತ?"

"ನೆತ್ತಿ ಮೇಲೇ."

ಅವಳ ಕಣ್ಣು ಒದ್ದೆಯಾಗಿತ್ತು, ಆದರೂ ಜವಳಿ ಅಂಗಡಿಯ ಬುದ್ಧಿ ಅಷ್ಟು ಬೇಗ ಬಿಡುತ್ತದೆಯೇ? ಬಟ್ಟೆಯ ಚೂರೊಂದನ್ನು ಕೈಯಲ್ಲಿ ತಿರುವುತ್ತ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು: "ಹೊಂದ್ತೈತಾ ತಾತ?"

ಐವತ್ತು ವರ್ಷದ ಹಿಂದೆ ಬಾರದ ಮಾತು ಬಾಯಿಗೆ ಬಂತು.

"ಹೊಂದಲ್ಲ ಕಣವ್ವ. ಕಟ್ಟು."